‘403 ಫೋರ್ಬಿಡನ್’ ಬಂದರೆ ನಿಮ್ಮ ಮೊಬೈಲ್ ಬ್ಲ್ಯಾಕ್‌ಲಿಸ್ಟ್ ಆಗಿದೆಯೇ? ವೆಬ್‌ಸೈಟಿನ ಬಾಗಿಲಲ್ಲಿ ನಡೆಯುವ ತಪಾಸಣೆಯ ಅಸಲಿ ಕಥೆ

ಕುಷ್ಟಗಿ ಕಡೆಯ ಒಂದು ಊರಲ್ಲಿ ಕುಳಿತು ಪಹಣಿ ನೋಡಲು ಮೊಬೈಲ್ ತೆಗೆಯುತ್ತೀರಿ. ಸರ್ಕಾರಿ ಜಾಲತಾಣದ ವಿಳಾಸ ಒತ್ತುತ್ತೀರಿ. ಪುಟದ ಬದಲು ಬಿಳಿ ಪರದೆ, ಅದರ ಮೇಲೆ ‘403 ಫೋರ್ಬಿಡನ್’ ಎಂಬ ಎರಡು ಪದ. ಏನೂ ತಿಳಿಯದೆ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತೀರಿ. ಅಲ್ಲಿಂದ ಉತ್ತರಗಳ ಮಳೆ. ‘ನಿಮ್ಮ ನಂಬರ್ ಬ್ಲ್ಯಾಕ್‌ಲಿಸ್ಟ್ ಆಗಿದೆ’ ಎನ್ನುತ್ತಾರೆ ಒಬ್ಬರು. ‘ಸೈಟ್ ಹ್ಯಾಕ್ ಆಗಿದೆ, ಒತ್ತಬೇಡಿ’ ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು, ‘ನಮ್ಮ ಜಿಲ್ಲೆಗೆ ಬೇಕಂತಲೇ ಬಂದ್ ಮಾಡಿದ್ದಾರೆ’ ಎನ್ನುತ್ತಾರೆ. ನಾಲ್ಕನೆಯವರು ಮಾತೇ ಆಡುವುದಿಲ್ಲ, ‘ಇದರಲ್ಲಿ ಓಪನ್ ಆಗುತ್ತೆ’ ಎಂದು ಬೇರೊಂದು ಲಿಂಕ್ ಹಾಕುತ್ತಾರೆ.

ಮೊದಲ ಮೂರು ಮಾತುಗಳಿಂದ ಗೊಂದಲವಾಗುತ್ತದೆ, ಅಷ್ಟೆ. ನಾಲ್ಕನೆಯದರಿಂದ ಬ್ಯಾಂಕ್ ಖಾತೆಯೇ ಖಾಲಿಯಾಗಬಹುದು. ಆದ್ದರಿಂದ ಈ ‘403’ ಎಂದರೇನು, ಅದನ್ನು ಯಾರು ಹೇಳುತ್ತಾರೆ, ಯಾವ ಲೆಕ್ಕದಲ್ಲಿ ಹೇಳುತ್ತಾರೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಉತ್ತರ

403 ಎಂದರೆ ‘ನಿನ್ನ ಕೋರಿಕೆ ನನಗೆ ತಲುಪಿತು, ಅರ್ಥವೂ ಆಯಿತು, ಆದರೆ ಒಳಗೆ ಬಿಡುವುದಿಲ್ಲ’ ಎಂದು ಆ ಜಾಲತಾಣದ ಸರ್ವರ್ ಹೇಳುವ ಮಾತು. ಇದಕ್ಕೂ ನಿಮ್ಮ ಸಿಮ್ಮಿಗೂ ಸಂಬಂಧವಿಲ್ಲ, ಆಧಾರಿಗೂ ಸಂಬಂಧವಿಲ್ಲ. ಬಹುತೇಕ ಸಲ ಇದು ಯಾವ ಮನುಷ್ಯನೂ ಕುಳಿತು ಮಾಡುವ ತೀರ್ಮಾನವಲ್ಲ. ಸರ್ವರಿನಲ್ಲಿ ಮೊದಲೇ ಬರೆದಿಟ್ಟ ಒಂದು ನಿಯಮಕ್ಕೆ ನಿಮ್ಮ ಕೋರಿಕೆ ಹೊಂದಿಕೆಯಾಗಿರುತ್ತದೆ, ಬಾಗಿಲು ತಾನಾಗಿಯೇ ಮುಚ್ಚಿರುತ್ತದೆ.

ಬಾಗಿಲಲ್ಲಿ ಏನು ನೋಡುತ್ತಾರೆ?

ನೀವು ಲಿಂಕ್ ಒತ್ತಿದಾಗ ನಿಮ್ಮ ಬ್ರೌಸರ್ ಸರ್ವರಿಗೆ ಒಂದು ಸಣ್ಣ ಚೀಟಿ ಕಳಿಸುತ್ತದೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ಯಾವ ಪುಟ ಬೇಕು, ಯಾವ ಐಪಿ ವಿಳಾಸದಿಂದ ಬರುತ್ತಿದ್ದೀರಿ, ಯಾವ ಬ್ರೌಸರ್ ಬಳಸುತ್ತಿದ್ದೀರಿ, ಯಾವ ತಾಣದಿಂದ ಇಲ್ಲಿಗೆ ಬಂದಿರಿ. ಜೊತೆಗೆ ಆ ತಾಣ ಹಿಂದೆ ನಿಮ್ಮ ಫೋನಿನಲ್ಲಿ ಇಟ್ಟಿದ್ದ ಕುಕ್ಕಿ ಎಂಬ ಗುರುತು ಇರಬಹುದು.

ನಿಮ್ಮ ಮೊಬೈಲ್ ಸಂಖ್ಯೆ, ಫೋನಿನ ಐಎಂಇಐ ಸಂಖ್ಯೆ, ಆಧಾರ್ ಸಂಖ್ಯೆ ಇವು ಯಾವುವೂ ಆ ಚೀಟಿಯಲ್ಲಿ ಇರುವುದಿಲ್ಲ. ಅವನ್ನು ನೀವೇ ಟೈಪ್ ಮಾಡಿ ಕೊಟ್ಟರೆ ಮಾತ್ರ ತಾಣಕ್ಕೆ ತಿಳಿಯುತ್ತವೆ. ಹಾಗಾಗಿ ಪುಟ ತೆರೆಯುವ ಮೊದಲೇ ‘ನಿಮ್ಮ ನಂಬರ್ ಬ್ಲ್ಯಾಕ್‌ಲಿಸ್ಟ್’ ಆಗಲು ದಾರಿಯೇ ಇಲ್ಲ.

ಬ್ರೌಸರ್ ಹೇಳುವ ಪರಿಚಯವೂ ಪೂರ್ತಿ ನಿಜವಲ್ಲ. ಇಂದಿನ ಕ್ರೋಮ್ ತನ್ನನ್ನು ‘ಮೊಜಿಲ್ಲಾ’ ಎಂದೇ ಪರಿಚಯಿಸಿಕೊಳ್ಳುತ್ತದೆ, ಸಾಲಿನ ಕೊನೆಯಲ್ಲಿ ‘ಸಫಾರಿ’ ಎಂದೂ ಸೇರಿಸುತ್ತದೆ. ಒಂದು ಕಾಲದಲ್ಲಿ ಸರ್ವರುಗಳು ಹೆಸರು ನೋಡಿ ಒಳ್ಳೆಯ ಪುಟ ಕೊಡುತ್ತಿದ್ದವು, ಆದ್ದರಿಂದ ಹೊಸ ಬ್ರೌಸರುಗಳೆಲ್ಲ ಹಳೆಯವರ ಹೆಸರು ಹೇಳಿಕೊಂಡು ಒಳನುಗ್ಗಲು ಕಲಿತವು. ಆ ಅಭ್ಯಾಸ ಇನ್ನೂ ಹೋಗಿಲ್ಲ. 2023ರಿಂದೀಚೆಗೆ ಆಂಡ್ರಾಯ್ಡ್ ಕ್ರೋಮ್ ನಿಮ್ಮ ಫೋನಿನ ಮಾದರಿಯನ್ನೂ ಈ ಪರಿಚಯದ ಸಾಲಿನಲ್ಲಿ ಹೇಳುವುದಿಲ್ಲ. ಯಾವ ಫೋನೇ ಆಗಿರಲಿ ‘ಆಂಡ್ರಾಯ್ಡ್ 10’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಗಂಗಾವತಿಯ ‘ಎಚ್’ ಮತ್ತು ಮಾದರಿ ಹೊಂದಿಕೆ

ಈ ಚೀಟಿಯನ್ನು ಸರ್ವರ್ ಓದುವ ವಿಧಾನಕ್ಕೆ ಪ್ಯಾಟರ್ನ್ ಮ್ಯಾಚಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಮಾದರಿ ಹೊಂದಿಕೆ ಎನ್ನೋಣ. ಇದನ್ನು ತಿಳಿಯಲು ನಮ್ಮ ಊರುಗಳ ಹೆಸರೇ ಸಾಕು.

ಗಂಗಾವತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ‘ಟಿ’ ಆದ ಮೇಲೆ ‘ಎಚ್’ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಯಲಬುರ್ಗಾ ಎಂಬುದಕ್ಕೆ ನಡುವೆ ‘ಯು’ ಬರೆಯುವವರಿದ್ದಾರೆ, ‘ಎ’ ಬರೆಯುವವರೂ ಇದ್ದಾರೆ. ಕೊಪ್ಪಳದ ಕೊನೆಗೆ ‘ಎ’ ಇರುತ್ತದೆ, ಇರುವುದೂ ಇಲ್ಲ. ಕುಷ್ಟಗಿಯಲ್ಲಿ ‘ಎಸ್’ ನಂತರ ಮತ್ತೆ ಅದೇ ‘ಎಚ್’ ತಕರಾರು. ಪೋಸ್ಟ್‌ಮನ್‌ಗೆ ಇದರಿಂದ ತೊಂದರೆಯಿಲ್ಲ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ ಬದಲಾದರೂ ಅದು ಬೇರೆಯೇ ಊರು.

ಅದಕ್ಕೇ ಕಂಪ್ಯೂಟರಿಗೆ ಹೀಗೆ ಹೇಳಿಕೊಡುತ್ತಾರೆ: ‘ಟಿ ಆದ ಮೇಲೆ ಎಚ್ ಇರಬಹುದು, ಇಲ್ಲದೆಯೂ ಇರಬಹುದು, ಎರಡನ್ನೂ ಗಂಗಾವತಿ ಎಂದೇ ತಿಳಿ’. ಇದನ್ನು ಬರೆಯಲು ‘ಎಚ್’ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮುಗಿಯಿತು. ಇಂಥ ಚಿಹ್ನೆಗಳ ಭಾಷೆಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿ 1951ರಲ್ಲಿ ನರಕೋಶಗಳ ಜಾಲದ ಗಣಿತ ಮಾದರಿಗಳ ಬಗ್ಗೆ ಕೆಲಸ ಮಾಡುವಾಗ ಇದರ ಬೇರು ಹುಟ್ಟಿತು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಕಂಪ್ಯೂಟರಿನಲ್ಲಿ ಪಠ್ಯ ಹುಡುಕುವ ಉಪಾಯವಾಗಿ ಪ್ರಕಟಿಸಿದರು. ಇಂದು ಅಪಾಚೆ, ಎಂಜಿನ್‌ಎಕ್ಸ್‌ನಂಥ ಸರ್ವರ್ ತಂತ್ರಾಂಶಗಳು ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡಲು ಇದೇ ಭಾಷೆಯನ್ನು ಬಳಸುತ್ತವೆ.

ನಿಯಮಗಳು ಹೀಗಿರುತ್ತವೆ: ‘ಹೆಸರಿನಲ್ಲಿ ಬಾಟ್ ಎಂಬ ಪದ ಇರುವ ಬ್ರೌಸರನ್ನು ತಡೆ’, ‘ಈ ಐಪಿ ಗುಂಪಿನಿಂದ ಬಂದವರನ್ನು ಬಿಡಬೇಡ’, ‘ಕಡತದ ಹೆಸರು ಚುಕ್ಕೆಯಿಂದ ಶುರುವಾದರೆ ಯಾರಿಗೂ ತೋರಿಸಬೇಡ’. ಕೋರಿಕೆಯ ಚೀಟಿ ಬಂದ ಕೂಡಲೇ ಸರ್ವರ್ ಈ ಪಟ್ಟಿಯನ್ನು ಓದುತ್ತದೆ. ಹೊಂದಿಕೆಯಾದರೆ 403.

ಸಾರ್ವಜನಿಕ ತಾಣಕ್ಕೆ ಕಾವಲು ಯಾಕೆ?

‘ಸರ್ಕಾರಿ ಮಾಹಿತಿ ಎಲ್ಲರದ್ದೂ ತಾನೆ, ತಡೆ ಯಾಕೆ’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿದ ಯೋಜನೆ ಅದು. ಒಬ್ಬ ರೈತ ತನ್ನ ಸರ್ವೆ ನಂಬರಿನ ಒಂದು ಪಹಣಿ ನೋಡುವುದು ಹಕ್ಕು. ಯಾರೋ ಒಬ್ಬ ಒಂದು ಪ್ರೋಗ್ರಾಂ ಬರೆದು, ಒಂದೇ ರಾತ್ರಿಯಲ್ಲಿ ಇಡೀ ತಾಲೂಕಿನ ಜಮೀನುದಾರರ ಹೆಸರು ಮತ್ತು ವಿಸ್ತೀರ್ಣ ಎಳೆದುಕೊಂಡು ಮಾರಾಟ ಮಾಡಿದರೆ? ಅದನ್ನು ತಡೆಯಲು ಬಾಗಿಲಲ್ಲಿ ಕಾವಲು ಬೇಕು. ವಕ್ರವಕ್ರ ಅಕ್ಷರ ತೋರಿಸಿ ‘ಇದನ್ನು ಟೈಪ್ ಮಾಡಿ’ ಎನ್ನುವ ಕ್ಯಾಪ್ಚಾ ಕೂಡ ಅಂಥದೇ ಕಾವಲು.

ಬಾಟ್‌ಗಳೆಲ್ಲ ಕಳ್ಳರಲ್ಲ. ಗೂಗಲ್ ಹುಡುಕಾಟ ನಡೆಯುವುದೇ ಬಾಟ್‌ಗಳಿಂದ. ಅವುಗಳಿಗಾಗಿ 1994ರಲ್ಲಿ ಮಾರ್ಟೈನ್ ಕಾಸ್ಟರ್ ‘ರೋಬಾಟ್ಸ್ ಡಾಟ್ ಟೆಕ್ಸ್ಟ್’ ಎಂಬ ಪದ್ಧತಿ ತಂದರು. ತಾಣದ ಒಡೆಯರು ಅದರಲ್ಲಿ ‘ಈ ಕೋಣೆಗೆ ಬರಬೇಡಿ’ ಎಂದು ಬರೆದಿಡುತ್ತಾರೆ. ಇದು ಜಮೀನಿನ ಬದುವಿನಲ್ಲಿ ನೆಟ್ಟ ಫಲಕದ ಹಾಗೆ, ಮರ್ಯಾದೆ ಇರುವವರು ಓದಿ ಹಿಂದಿರುಗುತ್ತಾರೆ. ಇಲ್ಲದವರಿಗೆ ಬೇಲಿಯೇ ಬೇಕು, ಆ ಬೇಲಿಯೇ ಸರ್ವರಿನ ನಿಯಮ.

ಈಚೆಗೆ ಕೃತಕ ಬುದ್ಧಿಮತ್ತೆಯ ಕಂಪನಿಗಳು ಪಠ್ಯ ಮತ್ತು ಚಿತ್ರಗಳನ್ನು ಎಳೆದುಕೊಳ್ಳಲು ಬಿಟ್ಟಿರುವ ಬಾಟ್‌ಗಳಿಂದ ಹೊರೆ ಇನ್ನೂ ಏರಿದೆ. ಚಿತ್ರ, ವಿಡಿಯೊಗಳನ್ನು ಇಳಿಸಿಕೊಳ್ಳಲು ಬಳಕೆಯಾಗುವ ಬ್ಯಾಂಡ್‌ವಿಡ್ತ್ 2024ರ ಜನವರಿಯಿಂದ ಶೇ 50ರಷ್ಟು ಹೆಚ್ಚಿದೆ ಎಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2025ರಲ್ಲಿ ಹೇಳಿತ್ತು. ನಾವು ಓದುವ ಕನ್ನಡ ವಿಕಿಪೀಡಿಯವೂ ಅದೇ ಪ್ರತಿಷ್ಠಾನದ್ದು. ಬೇಲಿಗಳು ಈಗ ಬಿಗಿಯಾಗುತ್ತಿರುವುದಕ್ಕೆ ಇದೊಂದು ಕಾರಣ.

ತಪ್ಪೇ ಮಾಡದವರು ಸಿಕ್ಕಿಬೀಳುವುದು ಹೇಗೆ?

ಕಳ್ಳನಿಗೆ ಹಾಕಿದ ಬೇಲಿಗೆ ಮನೆಯವರ ಬಟ್ಟೆ ಸಿಕ್ಕಿಕೊಳ್ಳುವುದು ಮುಖ್ಯವಾಗಿ ಮೂರು ಕಾರಣಕ್ಕೆ.

ಮೊದಲನೆಯದು, ಹಂಚಿಕೊಂಡ ವಿಳಾಸ. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಫೋನುಗಳು ಅದಕ್ಕಿಂತ ಹೆಚ್ಚು. ಆದ್ದರಿಂದ ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ನೂರಾರು, ಕೆಲವೊಮ್ಮೆ ಸಾವಿರಾರು ಗ್ರಾಹಕರಿಗೆ ಹಂಚುತ್ತವೆ. ಒಂದೇ ಮನೆ ನಂಬರಿನ ವಠಾರದಲ್ಲಿ ಸಾವಿರ ಸಂಸಾರ ಇದ್ದಂತೆ. ವಠಾರದ ಒಬ್ಬ ಕಿಡಿಗೇಡಿತನ ಮಾಡಿ ಆ ವಿಳಾಸ ತಡೆಪಟ್ಟಿಗೆ ಸೇರಿದರೆ, ಪಕ್ಕದ ಮನೆಯವರಿಗೂ ಬಾಗಿಲು ಮುಚ್ಚುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನೆನಪಿಸಿಕೊಳ್ಳಿ. ರಾಜ್ಯದ ಸುಮಾರು 8 ಲಕ್ಷ ವಿದ್ಯಾರ್ಥಿಗಳು, ಅವರ ಮನೆಯವರು, ಮಾವಂದಿರು, ಟ್ಯೂಷನ್ ಮೇಷ್ಟ್ರು ಎಲ್ಲರೂ ಒಂದೇ ಗಂಟೆಯಲ್ಲಿ ಒತ್ತುತ್ತಾರೆ. ‘ಒಂದು ವಿಳಾಸದಿಂದ ನಿಮಿಷಕ್ಕೆ ಇಷ್ಟೇ ಕೋರಿಕೆ’ ಎಂಬ ನಿಯಮವಿದ್ದರೆ ಸರ್ವರಿನ ಕಣ್ಣಿಗೆ ಇಡೀ ವಠಾರ ಒಬ್ಬ ತುಂಟನಂತೆ ಕಾಣುತ್ತದೆ.

ಇದೇ ಕಾರಣಕ್ಕೆ ‘ನಮ್ಮ ಜಿಲ್ಲೆಗೆ ಬಂದ್ ಮಾಡಿದ್ದಾರೆ’ ಎಂಬ ಮಾತು ನಿಲ್ಲುವುದಿಲ್ಲ. ಮೊಬೈಲ್ ಡೇಟಾದಲ್ಲಿ ನೀವು ಯಲಬುರ್ಗಾದಲ್ಲಿದ್ದರೂ, ಸರ್ವರಿಗೆ ಕಾಣುವ ವಿಳಾಸ ಬೆಂಗಳೂರಿನದೋ ಮತ್ತೊಂದು ಮಹಾನಗರದ್ದೋ ಆಗಿರುವುದು ಸಾಮಾನ್ಯ. ಐಪಿ ನೋಡಿ ಒಂದು ತಾಲೂಕನ್ನು ಆರಿಸಿ ತೆಗೆಯುವಷ್ಟು ನಿಖರತೆ ಅದರಲ್ಲಿ ಇಲ್ಲ.

ಎರಡನೆಯದು, ದೇಶದ ಗಡಿ. ಭದ್ರತೆಗಾಗಿ ಕೆಲವು ಭಾರತೀಯ ಸರ್ಕಾರಿ ತಾಣಗಳು ವಿದೇಶಿ ಐಪಿ ವಿಳಾಸಗಳನ್ನು ಒಳಗೆ ಬಿಡುವುದಿಲ್ಲ. ದುಬೈಯಲ್ಲಿ ದುಡಿಯುವ ಮಗ ಊರಿನ ಪಹಣಿ ನೋಡಲು ಹೋದಾಗ ಪುಟ ತೆರೆಯದಿರಲು ಇದು ಕಾರಣವಾಗಿರಬಹುದು. ತಮಾಷೆಯೆಂದರೆ, ಊರಲ್ಲೇ ಇರುವವರೂ ತಮಗರಿವಿಲ್ಲದೆ ವಿದೇಶಿಗರಾಗುತ್ತಾರೆ. ಫೋನಿನಲ್ಲಿ ಉಚಿತ ವಿಪಿಎನ್ ಆ್ಯಪ್ ಆನ್ ಆಗಿದ್ದರೆ, ಅಥವಾ ಡೇಟಾ ಉಳಿಸಲು ಒಪೆರಾ ಮಿನಿಯಂಥ ಬ್ರೌಸರ್ ಬಳಸುತ್ತಿದ್ದರೆ, ನಿಮ್ಮ ಕೋರಿಕೆ ಬೇರೆಡೆಯ ಸರ್ವರ್ ಮೂಲಕ ಹಾದುಹೋಗುತ್ತದೆ. ‘403 ಬಂದರೆ ವಿಪಿಎನ್ ಹಾಕಿ’ ಎಂಬ ಸಲಹೆ ಭಾರತದ ಸರ್ಕಾರಿ ತಾಣಗಳ ಮಟ್ಟಿಗೆ ಎಷ್ಟೋ ಸಲ ತಲೆಕೆಳಗು. ಅಲ್ಲಿ ವಿಪಿಎನ್ ತೆಗೆಯುವುದೇ ಮದ್ದು.

ಮೂರನೆಯದು, ನಿಯಮವೇ ತಪ್ಪಾಗಿರುವುದು. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಒಂದು ಸಾಲು ತಪ್ಪಿದರೆ

1996ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್ ಎಂಬ ಪಟ್ಟಣದ ಜನರಿಗೆ ಎಒಎಲ್ ಕಂಪನಿಯ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ನಡುವಿನ ಕೆಲವು ಅಕ್ಷರಗಳು ಸೇರಿ ಇಂಗ್ಲಿಷಿನ ಒಂದು ಬೈಗುಳವಾಗುತ್ತಿದ್ದವು. ‘ಈ ಪದ ಎಲ್ಲಿ ಕಂಡರೂ ತಡೆ’ ಎಂಬುದು ನಿಯಮ. ಯಂತ್ರ ತಾನು ಹೇಳಿಸಿಕೊಂಡಷ್ಟನ್ನೇ ಮಾಡಿತು. ಇಂಥ ತಪ್ಪಿಗೆ ಇಂದಿಗೂ ಆ ಊರಿನ ಹೆಸರೇ ಉಳಿದಿದೆ.

2019ರ ಜುಲೈ 2ರಂದು ಇನ್ನೂ ದೊಡ್ಡದು ನಡೆಯಿತು. ಜಗತ್ತಿನ ಲಕ್ಷಾಂತರ ತಾಣಗಳಿಗೆ ಕಾವಲು ಕಾಯುವ ಕ್ಲೌಡ್‌ಫ್ಲೇರ್ ಕಂಪನಿ ದಾಳಿಕೋರರನ್ನು ಹಿಡಿಯಲು ಒಂದು ಹೊಸ ಮಾದರಿ ನಿಯಮ ಸೇರಿಸಿತು. ಅದನ್ನು ಬರೆದ ರೀತಿ ಹೇಗಿತ್ತೆಂದರೆ, ಪ್ರತಿ ಕೋರಿಕೆಗೂ ಕಂಪ್ಯೂಟರ್ ಲೆಕ್ಕವಿಲ್ಲದಷ್ಟು ಸಾಧ್ಯತೆಗಳನ್ನು ಹಿಂದೆ ಮುಂದೆ ತಿರುಗಿ ತಿರುಗಿ ಪರೀಕ್ಷಿಸಬೇಕಾಯಿತು. ಸರ್ವರುಗಳ ಪ್ರೊಸೆಸರುಗಳು ಶೇ 100ರಷ್ಟು ಅದರಲ್ಲೇ ಮುಳುಗಿದವು. 27 ನಿಮಿಷಗಳ ಕಾಲ ಅಸಂಖ್ಯ ತಾಣಗಳು ತೆರೆಯಲಿಲ್ಲ. ‘ಇದು ದಾಳಿ’ ಎಂದು ಅಂದು ಹಲವರು ಊಹಿಸಿದರು. ದಾಳಿ ಯಾರೂ ಮಾಡಿರಲಿಲ್ಲ.

ಕನ್ನಡಕ್ಕೆ ಬೇರೆಯೇ ತೊಡಕು ಇದೆ. ‘ಕೊಪ್ಪಳ’ ಎಂಬುದನ್ನು ನಾವು ಮೂರು ಅಕ್ಷರ ಎಂದು ಓದುತ್ತೇವೆ. ಕಂಪ್ಯೂಟರ್ ಅದನ್ನು ಆರು ಸಂಕೇತಗಳಾಗಿ ನೋಡುತ್ತದೆ: ಕ, ಒ ಕಾರದ ಚಿಹ್ನೆ, ಪ, ಅರ್ಧಾಕ್ಷರದ ಚಿಹ್ನೆ, ಮತ್ತೆ ಪ, ಕೊನೆಗೆ ಳ. ಯುನಿಕೋಡ್ ವರ್ಗೀಕರಣದಲ್ಲಿ ಇವುಗಳಲ್ಲಿ ನಾಲ್ಕು ಮಾತ್ರ ‘ಅಕ್ಷರ’, ಉಳಿದೆರಡು ‘ಗುರುತು’. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ’ ಎಂದು ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟು ಬರೆದ ನಿಯಮ ಕೊಪ್ಪಳವನ್ನು ತಿರಸ್ಕರಿಸುತ್ತದೆ. ವೆಬ್ ವಿಳಾಸದಲ್ಲಿ ಕನ್ನಡ ಬಳಸಿದರೆ ಆರು ಸಂಕೇತಗಳು ಶೇಕಡಾ ಚಿಹ್ನೆಗಳಿಂದ ತುಂಬಿದ 54 ಅಕ್ಷರಗಳ ಸಾಲಾಗಿ ಹಿಗ್ಗುತ್ತವೆ. ಉದ್ದವಾದ, ಶೇಕಡಾ ಚಿಹ್ನೆ ತುಂಬಿದ ವಿಳಾಸವನ್ನೆಲ್ಲ ಅನುಮಾನಿಸುವ ನಿಯಮವಿದ್ದರೆ, ಅಚ್ಚ ಕನ್ನಡದ ಲಿಂಕೇ ದಾಳಿಯಂತೆ ಕಾಣುತ್ತದೆ.

ನಿಯಮಗಳಿಗೆ ವಯಸ್ಸೂ ಆಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಮೊದಲು ನಾಲ್ಕು ತಾಲೂಕುಗಳಿದ್ದವು, ಆಮೇಲೆ ಕನಕಗಿರಿ, ಕಾರಟಗಿ, ಕುಕನೂರು ಸೇರಿದವು. ನಾಲ್ಕೇ ಹೆಸರು ಒಪ್ಪುವ ಹಾಗೆ ಬರೆದ ನಿಯಮ ತಿದ್ದದೆ ಉಳಿದರೆ ಕುಕನೂರಿನವರಿಗೆ ತಮ್ಮ ತಾಲೂಕಿನ ಹೆಸರು ಬರೆಯುವುದೇ ತಪ್ಪಾಗುತ್ತದೆ. ಇಂಥ ಕಡೆ ದೋಷ ಬಳಕೆದಾರರದ್ದಲ್ಲ. ತಾಣ ನಡೆಸುವವರು ದೂರು ಕೇಳಿಸಿಕೊಂಡು ನಿಯಮ ತಿದ್ದಬೇಕು. ಇದನ್ನು ಕೇಳುವುದು ನಮ್ಮ ಹಕ್ಕು.

ಪರದೆಯ ಸಂಖ್ಯೆ ಏನು ಹೇಳುತ್ತದೆ?

- 403: ಒಳಗೆ ಬಿಡುವುದಿಲ್ಲ. ನಿಯಮಕ್ಕೆ ಸಿಕ್ಕಿಬಿದ್ದಿದ್ದೀರಿ, ಅಥವಾ ಆ ಪುಟ ಸಾರ್ವಜನಿಕರಿಗಲ್ಲ.
- 404: ಆ ವಿಳಾಸದಲ್ಲಿ ಪುಟವೇ ಇಲ್ಲ. ಲಿಂಕ್ ಹಳೆಯದಿರಬಹುದು, ಅಕ್ಷರ ತಪ್ಪಿರಬಹುದು.
- 429: ಬಹಳ ಸಲ ಒತ್ತಿದಿರಿ, ಸ್ವಲ್ಪ ತಡೆಯಿರಿ.
- 500, 503: ತೊಂದರೆ ಸರ್ವರಿನದು. ಒಳಗೆ ದೋಷ, ಅಥವಾ ಜನಸಂದಣಿ, ಅಥವಾ ದುರಸ್ತಿ.
- 451: ಕಾನೂನಿನ ಕಾರಣಕ್ಕೆ ತೋರಿಸುವಂತಿಲ್ಲ.

ಸರ್ಕಾರ ಒಂದು ತಾಣವನ್ನು ನಿಷೇಧಿಸುವುದು ಬೇರೆ ಸಂಗತಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ತಡೆದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿಯಲ್ಲಿ. ಅಲ್ಲಿ ದಾರಿಯಲ್ಲೇ, ಅಂದರೆ ನಿಮ್ಮ ಇಂಟರ್‌ನೆಟ್ ಕಂಪನಿಯ ಮಟ್ಟದಲ್ಲಿ ತಡೆ ಹಾಕುತ್ತಾರೆ. 403ರಲ್ಲಿ ನೀವು ಮನೆ ಬಾಗಿಲವರೆಗೆ ಹೋಗಿರುತ್ತೀರಿ, ಮನೆಯವರೇ ಬೇಡ ಎಂದಿರುತ್ತಾರೆ.

ಅದೇ ಪಾಠ ನಮ್ಮ ಕಣ್ಣಿಗೂ

ಈಗ ಆ ನಾಲ್ಕನೆಯವರ ಲಿಂಕಿಗೆ ಬರೋಣ. ಅಸಲಿ ತಾಣ ತೆರೆಯದೆ ಪರದಾಡುವ ಗಳಿಗೆಯಲ್ಲೇ ನಕಲಿ ಲಿಂಕ್‌ಗಳಿಗೆ ಗಿರಾಕಿ ಸಿಗುವುದು. ಗೃಹಲಕ್ಷ್ಮಿಯ 2,000 ರೂಪಾಯಿ, ಪಿಎಂ ಕಿಸಾನ್ ಕಂತು, ಪರೀಕ್ಷೆಯ ಫಲಿತಾಂಶ, ಯಾವುದೇ ಹೆಸರಲ್ಲಿ ಬರಬಹುದು.

ಸರ್ವರುಗಳ ನಿಯಮ ಬರೆಯುವವರು ಮಾಡುವ ಒಂದು ಹಳೆಯ ತಪ್ಪಿದೆ. ‘ವಿಳಾಸದಲ್ಲಿ ಜಿಒವಿ ಡಾಟ್ ಇನ್ ಇದೆಯೇ’ ಎಂದು ಮಾತ್ರ ನೋಡುವುದು, ಎಲ್ಲಿದೆ ಎಂದು ನೋಡದಿರುವುದು. ಮಾದರಿ ಭಾಷೆಯಲ್ಲಿ ಇದಕ್ಕೆ ಪರಿಹಾರವಾಗಿ ಕೊನೆಯಲ್ಲಿ ಒಂದು ಡಾಲರ್ ಚಿಹ್ನೆ ಹಾಕುತ್ತಾರೆ. ‘ಇಲ್ಲಿಗೇ ಮುಗಿಯಬೇಕು’ ಎಂದು ಅದರ ಅರ್ಥ. ಚುಕ್ಕೆಗೂ ಆ ಭಾಷೆಯಲ್ಲಿ ‘ಯಾವ ಅಕ್ಷರವಾದರೂ ಸರಿ’ ಎಂಬ ಅರ್ಥವಿದೆ. ಆದ್ದರಿಂದ ‘ಇದು ನಿಜವಾದ ಚುಕ್ಕೆಯೇ ಆಗಿರಬೇಕು’ ಎಂದು ಬೇರೆಯಾಗಿ ಹೇಳಬೇಕು.

ಲಿಂಕ್ ನೋಡುವಾಗ ನಾವೂ ಅದೇ ತಪ್ಪು ಮಾಡುತ್ತೇವೆ. ‘ಸೇವಾ ಸಿಂಧು’ ಎಂಬ ಹೆಸರು, ‘ಕರ್ನಾಟಕ’, ‘ಜಿಒವಿ’ ಎಲ್ಲ ಕಂಡವು, ನಂಬಿದೆವು. ಆದರೆ ಅಂಚೆ ವಿಳಾಸವನ್ನು ಹೇಗೆ ಓದುತ್ತೇವೆ? ಊರು, ತಾಲೂಕು, ಜಿಲ್ಲೆ, ರಾಜ್ಯ. ದೊಡ್ಡದು ಕೊನೆಯಲ್ಲಿ ಬರುತ್ತದೆ. ‘ಕೊಪ್ಪಳ ಬೀದಿ, ಮುಂಬೈ’ ಎಂದಿದ್ದರೆ ಅದು ಕೊಪ್ಪಳದಲ್ಲಿಲ್ಲ. ವೆಬ್ ವಿಳಾಸವೂ ಹಾಗೆಯೇ. ಎಚ್‌ಟಿಟಿಪಿಎಸ್ ನಂತರದ ಎರಡು ಓರೆಗೆರೆ ಬಿಟ್ಟು ಮುಂದೆ ಬನ್ನಿ, ಮತ್ತೊಂದು ಓರೆಗೆರೆ ಸಿಗುವವರೆಗಿನ ಭಾಗವೇ ತಾಣದ ಹೆಸರು. ಅದರ ಕೊನೆ ನೋಡಿ. ಅದು ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಮುಗಿದರೆ ಸರ್ಕಾರಿ ತಾಣ. ಈ ಎರಡು ಕೊನೆಗಳು ಖಾಸಗಿಯವರಿಗೆ ಸಿಗುವುದಿಲ್ಲ. ‘ಜಿಒವಿ’ ಹಿಂದೆ ಚುಕ್ಕೆಯ ಬದಲು ಅಡ್ಡಗೆರೆ ಇದ್ದರೆ, ಅಥವಾ ‘ಇನ್’ ಆದ ಮೇಲೆ ಮತ್ತೊಂದು ಚುಕ್ಕೆ ಹಾಕಿ ‘ಎಕ್ಸ್‌ವೈಜೆಡ್’, ‘ಆನ್‌ಲೈನ್’ ಎಂದೇನಾದರೂ ಬಂದರೆ ಅದು ಸರ್ಕಾರದ್ದಲ್ಲ.

‘ಬೀಗದ ಗುರುತು ಇದ್ದರೆ ಸುರಕ್ಷಿತ’ ಎಂಬ ಮಾತನ್ನೂ ಬಿಡಿ. ನಿಮ್ಮ ಮತ್ತು ತಾಣದ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೇ ಅದರ ಅರ್ಥ. ಆ ಬದಿಯಲ್ಲಿ ಕುಳಿತವನು ಕಳ್ಳನೋ ಅಲ್ಲವೋ ಎಂದು ಬೀಗ ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಬೀಗದ ಚಿತ್ರವನ್ನು ತೆಗೆಯಿತು.

ಹಾಗಾದರೆ 403 ಬಂದಾಗ ಏನು ಮಾಡಬೇಕು?

1. ವಿಳಾಸವನ್ನು ಮತ್ತೊಮ್ಮೆ ಓದಿ. ಫಾರ್ವರ್ಡ್ ಆದ ಲಿಂಕ್ ಬಿಟ್ಟು ತಾಣದ ಮುಖಪುಟದಿಂದ ಹೋಗಿ.
2. ವಿಪಿಎನ್ ಇದ್ದರೆ ನಿಲ್ಲಿಸಿ. ಡೇಟಾ ಉಳಿಸುವ ಬ್ರೌಸರ್ ಬದಲು ಸಾಮಾನ್ಯ ಬ್ರೌಸರ್ ಬಳಸಿ.
3. ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿ. ಹೊಸ ಐಪಿ ವಿಳಾಸ ಸಿಗಬಹುದು. ವೈಫೈ ಇದ್ದರೆ ಅದರಲ್ಲೂ ನೋಡಿ.
4. ಆ ತಾಣದ ಕುಕ್ಕಿಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಿ.
5. ಒಂದೇ ಸಮನೆ ರಿಫ್ರೆಶ್ ಒತ್ತಬೇಡಿ. ಬಾಟ್ ಎಂಬ ಅನುಮಾನ ಇನ್ನೂ ಹೆಚ್ಚುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ.
6. ಆಗಲೂ ಆಗದಿದ್ದರೆ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೋ ನಾಡಕಚೇರಿಗೋ ಹೋಗಿ.
7. ಬದಲಿ ಲಿಂಕ್, ಎಪಿಕೆ ಕಡತ ಯಾರೇ ಕಳಿಸಿದರೂ ಮುಟ್ಟಬೇಡಿ. ಆಗಲೇ ಒತ್ತಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ ಗುಂಪಿನಲ್ಲಿ ಯಾರಾದರೂ 403ರ ಸ್ಕ್ರೀನ್‌ಶಾಟ್ ಹಾಕಿ ‘ನನ್ನ ಮೊಬೈಲ್ ಬಂದ್ ಮಾಡಿದ್ದಾರೆ’ ಎಂದರೆ, ಮೊದಲು ಅವರು ಒತ್ತಿದ ವಿಳಾಸದ ಕೊನೆ ಏನಿದೆ ಎಂದು ಕೇಳಿ. ಅಷ್ಟು ಕೇಳಿದರೆ ಮುಂದೆ ಬರುವ ನಕಲಿ ಲಿಂಕನ್ನು ಗುಂಪಿನ ಉಳಿದವರೂ ಅನುಮಾನದಿಂದಲೇ ನೋಡುತ್ತಾರೆ.